ಕಾಲಾಳಿಗೆ ತಕ್ಕ ವಿಮಾನ

ವಿಮಾನಗಳ ವಿಷಯವಾಗಿ ಮಾತನಾಡುವಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ಅದರ ವೇಗವೆಷ್ಟು? ಏರುವ ಎತ್ತರವೆಷ್ಟು? ಹೊರುವ ಭಾರವೆಷ್ಟು? ಈ ಮೂರಕ್ಕೂ ಅಂಕಿಗಳಲ್ಲಿ ಉತ್ತರವುಂಟು. ಆದಕಾರಣ ಎರಡು ವಿಮಾನಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿರಿಸಿ, ಇದು ಮೇಲು, ಅದು ಕೀಳು ಎಂದು ತೀರ್ಪು ಕೊಡುವುದು ಸುಲಭವೆಂದು ತೋರುತ್ತದೆ. ಆದರೆ ಶತ್ರುವಿನ ನೆಲಗೋಟೆಯಿಂದ ನೂರು ಗಜ ದೂರದಲ್ಲಿ, ಕೆಸರಿನಲ್ಲಿ ಮುಖವಡಗಿಸಿ ಮಲಗಿರುವ ಕಾಲಾಳಿನ ಪ್ರಶ್ನೆಗಳು ಬೇರೆ. ಕರೆದಾಗ ಅದು ಬರುವುದೇ? ಬಂದ ಮೇಲೆ ನನ್ನನ್ನೂ ನನ್ನ ಶತ್ರುವನ್ನೂ ಬೇರ್ಪಡಿಸಿ ಗುರುತಿಸಬಲ್ಲುದೇ? ನಾನು ಎದ್ದು ಓಡುವ ಆ ಒಂದು ನಿಮಿಷದಲ್ಲಿ ಶತ್ರು ತಲೆಯೆತ್ತದಂತೆ ನೋಡಿಕೊಳ್ಳುವುದೇ? ಈ ಪ್ರಶ್ನೆಗಳಿಗೆ ಕಾರ್ಖಾನೆಯ ಅಂಕಿಗಳಲ್ಲಿ ಉತ್ತರ ದೊರೆಯದು, ರಣರಂಗದಲ್ಲಿಯೇ ದೊರೆಯಬೇಕು. ಎರಡನೆಯ ಮಹಾಯುದ್ಧದಲ್ಲಿ, 1943ರಿಂದ 1945ರವರೆಗೆ, ಭಾರತ ಮತ್ತು ಬರ್ಮಾ ದೇಶಗಳ ಗಡಿಯಲ್ಲಿ ಈ ಉತ್ತರ ದೊರೆತ ಬಗೆಯನ್ನು ವಿವರಿಸುವುದು ಈ ಭಾಷಣದ ಉದ್ದೇಶ. ಆ ಗಡಿಯಲ್ಲಿ ಹೋರಾಡಿದ ಕಾಲಾಳುಗಳಲ್ಲಿ ಹೆಚ್ಚಿನವರು ಭಾರತೀಯರೇ ಆದುದರಿಂದ ಇದು ನಮಗೆ ದೂರದ ಕಥೆಯಲ್ಲ.

ಮೊದಲು ಯೂರೋಪಿನತ್ತ ಒಮ್ಮೆ ದೃಷ್ಟಿ ಹಾಯಿಸೋಣ. ಆ ಯುದ್ಧದ ಆರಂಭದಲ್ಲಿ ಭೂಸೈನ್ಯಕ್ಕೆ ನೆರವಾಗುವ ವಿಮಾನವೆಂದರೆ ಜರ್ಮನರ 'ಸ್ಟೂಕಾ' ಎಂಬ ಭಾವನೆ ಎಲ್ಲೆಡೆಯೂ ಹರಡಿತ್ತು. ಇದು 'ಡೈವ್ ಬಾಂಬರ್' ಜಾತಿಯದು. ಅಂದರೆ, ಗಿಡುಗವು ಬೇಟೆಯ ಮೇಲೆ ಎರಗುವಂತೆ ಎತ್ತರದಿಂದ ಗುರಿಯ ಕಡೆಗೆ ತಲೆಕೆಳಗಾಗಿ ಧುಮುಕಿ, ಬಾಂಬನ್ನು ಬಿಟ್ಟು ಮೇಲೇಳುವ ವಿಮಾನ. 1940ನೆಯ ಮೇ 13ರಂದು ಫ್ರಾನ್ಸಿನ ಸೆಡಾನ್ ಪಟ್ಟಣದ ಬಳಿ ಜರ್ಮನರು ಮ್ಯೂಸ್ ನದಿಯನ್ನು ದಾಟಿದಾಗ ಎದುರು ದಡದ ಫ್ರೆಂಚ್ ಸೈನಿಕರನ್ನು ಧೃತಿಗೆಡಿಸಿದುವು ಈ ವಿಮಾನಗಳೇ. ಮರುದಿನ ಅದೇ ಸ್ಥಳದಲ್ಲಿ ಜರ್ಮನರ ಸೇತುವೆಗಳನ್ನು ಮುರಿಯಲು ಬ್ರಿಟಿಷರು ಸುಮಾರು 70 ಬಾಂಬರ್‌ಗಳನ್ನು ಕಳುಹಿಸಿದರು. ಅವುಗಳಲ್ಲಿ ಬಹುಪಾಲು 'ಫೇರಿ ಬ್ಯಾಟಲ್' ಎಂಬ ಒಂಟಿ ಎಂಜಿನ್ನಿನ ನಿಧಾನಗತಿಯ ವಿಮಾನಗಳು. ಸುಮಾರು 40 ಹಿಂದಿರುಗಲಿಲ್ಲ.

ಈ ಎರಡು ದಿನಗಳನ್ನು ಮಾತ್ರ ನೋಡಿದವರು 'ಸ್ಟೂಕಾ' ಶ್ರೇಷ್ಠ, 'ಬ್ಯಾಟಲ್' ನಿಕೃಷ್ಟ ಎಂದು ನಿರ್ಣಯಿಸಿದರೆ ಆಶ್ಚರ್ಯವಿಲ್ಲ. ಆದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ ಅದೇ ಸ್ಟೂಕಾ ಇಂಗ್ಲೆಂಡಿನ ದಕ್ಷಿಣ ತೀರದ ಮೇಲೆ ಬಂದಿತು. ಆಗಸ್ಟ್ 18ರಂದು ಬ್ರಿಟಿಷ್ ಫೈಟರ್‌ಗಳ ಕೈಯಲ್ಲಿ ಅದು ಅನುಭವಿಸಿದ ನಷ್ಟ ಎಷ್ಟು ಘೋರವಾಗಿತ್ತೆಂದರೆ, ಜರ್ಮನ್ ಸೇನಾನಿಗಳು ಅದನ್ನು ಆ ಮಹಾಕದನದಿಂದ ಹಿಂದಕ್ಕೆ ತೆಗೆಯಬೇಕಾಯಿತು. ವಿಮಾನ ಬದಲಾಗಿರಲಿಲ್ಲ, ನಡೆಸುವ ಚಾಲಕರೂ ಬದಲಾಗಿರಲಿಲ್ಲ. ಬದಲಾದುದು ಆಕಾಶದ ಒಡೆತನ. ಫ್ರಾನ್ಸಿನಲ್ಲಿ ಆಕಾಶ ಜರ್ಮನರದಾಗಿತ್ತು, ಇಂಗ್ಲೆಂಡಿನಲ್ಲಿ ಆಗಿರಲಿಲ್ಲ. ಧುಮುಕಿ ಮೇಲೇಳುವ ವಿಮಾನ ಆ ಗಳಿಗೆಯಲ್ಲಿ ನಿಧಾನವಾಗಿ, ದಿಕ್ಕು ಬದಲಿಸಲಾರದೆ, ಶತ್ರುವಿನ ಫೈಟರಿಗೆ ಸುಲಭವಾದ ಆಹುತಿಯಾಗುತ್ತದೆ.

ಈ ಪಾಠವನ್ನು ಬ್ರಿಟಿಷರು ಚೆನ್ನಾಗಿಯೇ ಕಲಿತರು. ಆದರೆ ಅಷ್ಟರಲ್ಲಿ ಅವರೊಂದು ದೊಡ್ಡ ಖರೀದಿಯನ್ನು ಮಾಡಿ ಮುಗಿಸಿದ್ದರು. ಸ್ಟೂಕಾದ ವಿಜಯಗಳನ್ನು ಕಂಡು, 1940ರಲ್ಲಿ ಅಮೆರಿಕೆಯ ವಲ್ಟೀ ಕಂಪನಿಗೆ ನೂರಾರು ಡೈವ್ ಬಾಂಬರ್‌ಗಳನ್ನು ಕಟ್ಟಿಕೊಡುವಂತೆ ಹೇಳಿದ್ದರು. ಆ ವಿಮಾನದ ಹೆಸರು 'ವೆಂಜೆನ್ಸ್'. 'ಸೇಡು' ಎಂದು ಅದರ ಅರ್ಥ. ಅದು ಸಿದ್ಧವಾಗಿ ಕೈಸೇರುವ ವೇಳೆಗೆ 1942 ಬಂದಿತ್ತು. ಯೂರೋಪಿನ ಆಕಾಶದಲ್ಲಿ ಅದು ಬದುಕಲಾರದೆಂಬುದು ಎಲ್ಲರಿಗೂ ತಿಳಿದಿತ್ತು. ಅಮೆರಿಕದ ಸೈನ್ಯವೂ ಅದನ್ನು ಯುದ್ಧಕ್ಕೆ ಕಳುಹಿಸಲಿಲ್ಲ. ಹೀಗೆ ಯಾರಿಗೂ ಬೇಡವಾದ ವಿಮಾನ ಹಡಗನ್ನೇರಿ ಭಾರತಕ್ಕೆ ಬಂದಿತು. ಬ್ರಿಟಿಷ್ ವಾಯುದಳದ ನಾಲ್ಕು ಸ್ಕ್ವಾಡ್ರನ್‌ಗಳಿಗೂ, ಭಾರತೀಯ ವಾಯುದಳದ 7 ಮತ್ತು 8ನೆಯ ಸ್ಕ್ವಾಡ್ರನ್‌ಗಳಿಗೂ ಅದನ್ನು ಹಂಚಲಾಯಿತು. ಬಡವರ ಮನೆಗೆ ಹಳೆಯ ಬಟ್ಟೆ ಬಂದಂತೆ ಬಂದ ಈ ವಿಮಾನವನ್ನು ಕುರಿತು ಆಗ ಯಾರೂ ದೊಡ್ಡ ನಿರೀಕ್ಷೆಯನ್ನಿಟ್ಟುಕೊಂಡಿರಲಿಲ್ಲ. ಆರಂಭದಲ್ಲಿ ಅದರ ಎಂಜಿನ್ನೂ ಸಾಕಷ್ಟು ತೊಂದರೆ ಕೊಟ್ಟಿತು.

ಬರ್ಮಾ ಗಡಿಯಲ್ಲಿ ಕಾಲಾಳು ಎದುರಿಸುತ್ತಿದ್ದ ಕಷ್ಟವೇನೆಂಬುದನ್ನು ಈಗ ತಿಳಿಯಬೇಕು. ಜಪಾನೀಯರು ಗುಡ್ಡದ ಮೈಯಲ್ಲಿ ಗುಂಡಿ ತೋಡಿ, ಅದರ ಮೇಲೆ ದಪ್ಪನೆಯ ಮರದ ದಿಮ್ಮಿಗಳನ್ನು ಹಾಸಿ, ಅದರ ಮೇಲೆ ಅಡಿಗಟ್ಟಲೆ ಮಣ್ಣನ್ನು ಹೇರಿ, ಎಲ್ಲವನ್ನೂ ಹಸುರಿನಿಂದ ಮರೆಮಾಡಿ 'ಬಂಕರ್' ಎಂಬ ನೆಲಗೋಟೆಗಳನ್ನು ಕಟ್ಟುತ್ತಿದ್ದರು. ಒಂದನ್ನು ಹಿಡಿಯಹೋದವನ ಮೇಲೆ ಇನ್ನೆರಡರಿಂದ ಮೆಷಿನ್‌ಗನ್ನಿನ ಗುಂಡು ಸುರಿಯುವಂತೆ ಅವುಗಳ ಜೋಡಣೆಯಿರುತ್ತಿತ್ತು. ಸಾಮಾನ್ಯ ಫಿರಂಗಿಯ ಗುಂಡು ನೇರವಾಗಿ ಬಿದ್ದರೂ ಒಳಗಿದ್ದವರು ಬದುಕುಳಿಯುತ್ತಿದ್ದರು. 1943ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ ಅರಾಕಾನಿನ ಡೋನ್‌ಬೈಕ್ ಎಂಬಲ್ಲಿ ಇಂತಹ ಬಂಕರುಗಳ ಮುಂದೆ ಭಾರತೀಯ ಮತ್ತು ಬ್ರಿಟಿಷ್ ದಳಗಳು ಮತ್ತೆ ಮತ್ತೆ ಏರಿಹೋದುವು, ಮತ್ತೆ ಮತ್ತೆ ರಕ್ತ ಸುರಿಸಿ ಹಿಮ್ಮೆಟ್ಟಿದುವು. ಕೆಲವು ಟ್ಯಾಂಕುಗಳನ್ನು ಮುಂದಿಟ್ಟರೂ ಫಲ ದೊರೆಯಲಿಲ್ಲ.

ಇಂತಹ ಗುರಿಗೆ ಎತ್ತರದಲ್ಲಿ ಸಮನಾಗಿ ಹಾರುತ್ತ ಬಾಂಬು ಚೆಲ್ಲುವ ದೊಡ್ಡ ವಿಮಾನ ತಕ್ಕುದಲ್ಲ. ಅದರ ಬಾಂಬುಗಳು ಹೊಲದಲ್ಲಿ ಬೀಜ ಎರಚಿದಂತೆ ಎಲ್ಲೆಡೆಯೂ ಬೀಳುತ್ತವೆ. ಗುಡ್ಡದ ತುದಿಯಲ್ಲಿ ಕೋಣೆಯಷ್ಟಗಲದ ಬಂಕರಿನ ಮೇಲೆ ಬೀಳುವುದು ಅದೃಷ್ಟವೇ ಸರಿ. ವೆಂಜೆನ್ಸ್ ವಿಮಾನದ ಗುಣ ಇಲ್ಲಿ ಪ್ರಕಟವಾಯಿತು. ಅದರ ರೆಕ್ಕೆಯನ್ನು ವಿನ್ಯಾಸಕಾರರು ನೇರ ಧುಮುಕಿಗೆಂದೇ ಜೋಡಿಸಿದ್ದರು. ಸಮವಾಗಿ ಹಾರುವಾಗ ಮೂಗೆತ್ತಿಕೊಂಡು ಅಂದಗೇಡಿಯಾಗಿ ಕಾಣುತ್ತಿದ್ದ ಆ ವಿಮಾನ, ಧುಮುಕುವಾಗ ಮಾತ್ರ ತೂಗುಗುಂಡಿನಂತೆ ನೆಟ್ಟಗೆ ಇಳಿಯುತ್ತಿತ್ತು. ಹತ್ತು ಹನ್ನೆರಡು ಸಾವಿರ ಅಡಿಗಳಿಂದ ಒಂದರ ಹಿಂದೊಂದರಂತೆ ಇಳಿಯುತ್ತ, ಚಾಲಕರು ಬಾಂಬುಗಳನ್ನು ಗುರಿಯಿಂದ ಕೆಲವೇ ಗಜಗಳ ಅಂತರದಲ್ಲಿ ಬೀಳಿಸಬಲ್ಲವರಾದರು. ಒಡಲೊಳಗೆ 500 ಪೌಂಡಿನ ಎರಡು, ರೆಕ್ಕೆಯ ಕೆಳಗೆ 250 ಪೌಂಡಿನ ಎರಡು ಬಾಂಬುಗಳನ್ನು ಅದು ಹೊರಬಲ್ಲದಾಗಿತ್ತು. ಭಾರತೀಯರ 8ನೆಯ ಸ್ಕ್ವಾಡ್ರನ್ 1943ರ ಡಿಸೆಂಬರಿನಲ್ಲಿ ಚಿತ್ತಗಾಂಗ್ ಪ್ರಾಂತದ ನೆಲೆಯಿಂದ ಈ ಕೆಲಸವನ್ನು ಆರಂಭಿಸಿತು. 7ನೆಯದು 1944ರ ಮಾರ್ಚಿನಲ್ಲಿ ಅಸ್ಸಾಮಿನಿಂದ.

ಯೂರೋಪಿನಲ್ಲಿ ತ್ಯಾಜ್ಯವಾದುದು ಇಲ್ಲಿ ಹೇಗೆ ಗ್ರಾಹ್ಯವಾಯಿತು? ಕಾರಣ ವಿಮಾನದಲ್ಲಿಲ್ಲ, ಸನ್ನಿವೇಶದಲ್ಲಿದೆ. 1943ರ ಕೊನೆಯಲ್ಲಿ 'ಸ್ಪಿಟ್‌ಫೈರ್' ಫೈಟರ್‌ಗಳು ಈ ರಂಗಕ್ಕೆ ಬಂದು, ಮುಂದಿನ ಕೆಲವು ತಿಂಗಳುಗಳಲ್ಲಿ ಜಪಾನೀ ಫೈಟರ್‌ಗಳ ಪ್ರಾಬಲ್ಯವನ್ನು ಮುರಿದುವು. ಜಪಾನೀಯರ ಕೈಯಲ್ಲಿ ವಿಮಾನ ಹೊಡೆಯುವ ಫಿರಂಗಿಗಳೂ ಜರ್ಮನರಲ್ಲಿದ್ದಷ್ಟು ದಟ್ಟವಾಗಿರಲಿಲ್ಲ. ಹೀಗೆ ಸ್ಟೂಕಾಕ್ಕೆ 1940ರ ಮೇ ತಿಂಗಳಿನಲ್ಲಿ ದೊರೆತ ಸೌಭಾಗ್ಯವೇ ವೆಂಜೆನ್ಸಿಗೆ 1944ರಲ್ಲಿ ದೊರೆಯಿತು. ಬೆನ್ನ ಹಿಂದೆ ನೋಡುವ ಭಯವಿಲ್ಲದ ಚಾಲಕ ಗುರಿಯ ಮೇಲೆಯೇ ಕಣ್ಣಿಡಬಲ್ಲನು. ಕಾಲಾಳಿಗೆ ನೆರವಾಗುವ ವಿಮಾನವನ್ನು ಆರಿಸುವವರು ಮೊದಲು ಕೇಳಬೇಕಾದ ಪ್ರಶ್ನೆ 'ಆಕಾಶ ಯಾರದು?' ಎಂಬುದು.

ಗುರಿ ತಪ್ಪದ ಬಾಂಬು ಒಂದೇ ಸಾಲದೆಂಬುದೂ ಬೇಗನೆ ಅನುಭವಕ್ಕೆ ಬಂದಿತು. 1944ರ ಜನವರಿಯ ಕೊನೆಯಲ್ಲಿ ಅರಾಕಾನಿನ ರಝಾಬಿಲ್ ಎಂಬ ಗುಡ್ಡದ ಕೋಟೆಯ ಮೇಲೆ ದೊಡ್ಡ ಬಾಂಬರ್‌ಗಳೂ ವೆಂಜೆನ್ಸ್‌ಗಳೂ ಕೂಡಿ ಭಾರಿ ದಾಳಿಯನ್ನು ನಡೆಸಿದುವು. ನೋಡಿದವರಿಗೆ ಅಲ್ಲಿ ಜೀವಿಯೊಂದೂ ಉಳಿದಿರಲಾರದೆಂದು ತೋರಿತು. ಆದರೂ ಕಾಲಾಳುಗಳು ಏರಿದಾಗ ಮೆಷಿನ್‌ಗನ್ನುಗಳು ಮತ್ತೆ ಮಾತನಾಡಿದುವು. ಅಂದು ಕೋಟೆ ಕೈವಶವಾಗಲಿಲ್ಲ. ತಮ್ಮ ಬಾಂಬು ತಮ್ಮ ಸೈನಿಕರ ಮೇಲೆಯೇ ಬೀಳಬಾರದೆಂದು ದಳಗಳನ್ನು ದೂರದಲ್ಲಿ ನಿಲ್ಲಿಸಬೇಕಾಗುತ್ತಿತ್ತು. ಕೊನೆಯ ಬಾಂಬು ಸಿಡಿದ ಮೇಲೆ ಆ ದೂರವನ್ನು ಅವರು ಕ್ರಮಿಸುವಷ್ಟರಲ್ಲಿ, ಒಳಗೆ ಅಡಗಿದ್ದ ಜಪಾನೀಯರು ಧೂಳು ಕೊಡವಿ ತಮ್ಮ ಸ್ಥಾನಗಳಿಗೆ ಹಿಂದಿರುಗುತ್ತಿದ್ದರು. ಬಾಂಬಿಗೂ ಬಂದೂಕಿಗೂ ನಡುವಣ ಈ ಕೆಲವು ನಿಮಿಷಗಳಲ್ಲಿಯೇ ಸಾವಿರಾರು ಪ್ರಾಣಗಳ ಪ್ರಶ್ನೆ ಅಡಗಿತ್ತು.

ಈ ಅಂತರವನ್ನು ತುಂಬಲು ಬೇಕಾದ ವಿಮಾನ ವೆಂಜೆನ್ಸ್ ಆಗಿರಲಿಲ್ಲ. ಒಮ್ಮೆ ಧುಮುಕಿ ಬಾಂಬನ್ನೆಸೆದರೆ ಅದರ ಕೆಲಸ ಬಹುಮಟ್ಟಿಗೆ ಮುಗಿಯಿತು. ಮೋಡ ತಗ್ಗಾಗಿ ಕವಿದರೆ ಅದಕ್ಕೆ ಧುಮುಕಲು ಎತ್ತರವೇ ಇರುತ್ತಿರಲಿಲ್ಲ. ಆಗ ಎಲ್ಲರ ದೃಷ್ಟಿಯೂ 'ಹರಿಕೇನ್' ವಿಮಾನದ ಮೇಲೆ ಬಿದ್ದಿತು. 1940ರಲ್ಲಿ ಇಂಗ್ಲೆಂಡನ್ನು ಕಾಪಾಡಿದ ಫೈಟರ್‌ಗಳಲ್ಲಿ ಇದೂ ಒಂದು. ಮೂರು ವರ್ಷಗಳು ಕಳೆಯುವಷ್ಟರಲ್ಲಿ ಹೊಸ ಫೈಟರ್‌ಗಳೆದುರು ಅದು ಮುದಿಯಾಗಿತ್ತು. ಆದರೆ ಅದರ ದಪ್ಪನೆಯ ರೆಕ್ಕೆ 20 ಮಿಲಿಮೀಟರಿನ ನಾಲ್ಕು ತೋಪುಗಳನ್ನೂ ಎರಡು ಬಾಂಬುಗಳನ್ನೂ ಧರಿಸಬಲ್ಲುದಾಗಿತ್ತು. ಅಗಲವಾಗಿ ಹರಡಿದ ಅದರ ಗಾಲಿಗಳು ಒರಟಾದ ಮಣ್ಣಿನ ಮೈದಾನದಲ್ಲಿಯೂ ಅದನ್ನು ಸುರಕ್ಷಿತವಾಗಿ ಇಳಿಸುತ್ತಿದ್ದುವು. ಒಡಲಿನ ಹಿಂಭಾಗ ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿದುದಾದ್ದರಿಂದ ಗುಂಡಿನ ತೂತನ್ನು ರಣರಂಗದ ಅಂಚಿನಲ್ಲಿಯೇ ತೇಪೆಹಾಕಿ ಸರಿಪಡಿಸಬಹುದಾಗಿತ್ತು. ದೊಡ್ಡ ಕಾರ್ಖಾನೆಗಳಿಂದ ನೂರಾರು ಮೈಲಿ ದೂರದಲ್ಲಿರುವ ಸೈನ್ಯಕ್ಕೆ ಇದು ಸಣ್ಣ ಗುಣವಲ್ಲ. ನಾಳೆ ಮತ್ತೆ ಹಾರಬಲ್ಲ ಸಾಧಾರಣ ವಿಮಾನ, ವಾರಗಟ್ಟಲೆ ದುರಸ್ತಿಗೆ ಕಾಯುವ ಉತ್ಕೃಷ್ಟ ವಿಮಾನಕ್ಕಿಂತ ಮೇಲು.

ಹರಿಕೇನ್‌ಗಳು ಕಾಲಾಳಿಗಾಗಿ ಮಾಡಿದ ಒಂದು ಉಪಾಯ ವಿಶೇಷವಾಗಿ ನೆನೆಯತಕ್ಕದ್ದು. ಅವು ಬಾಂಬುಗಳನ್ನು ಎಸೆದು, ತೋಪಿನಿಂದ ಹೊಡೆದು ಮುಗಿಸಿದ ಮೇಲೂ ಹಿಂದಿರುಗುತ್ತಿರಲಿಲ್ಲ. ಮತ್ತೆ ಮತ್ತೆ ಮೊದಲಿನಂತೆಯೇ ಬಂಕರಿನ ಮೇಲೆ ಎರಗುತ್ತಿದ್ದುವು, ಆದರೆ ಏನನ್ನೂ ಹಾರಿಸದೆ. ಒಳಗಿದ್ದ ಜಪಾನೀಯನಿಗೆ ಈ ಸಲ ಬಾಂಬು ಬೀಳುವುದೋ ಬೀಳದೋ ಎಂಬುದು ತಿಳಿಯುವ ಬಗೆಯಿಲ್ಲ; ಅವನು ತಲೆ ತಗ್ಗಿಸಿಯೇ ಇರುವನು. ಅಷ್ಟರಲ್ಲಿ ಕಾಲಾಳು ಬಂಕರಿನ ಬಾಯಿಯನ್ನು ಮುಟ್ಟಿರುವನು. ಬರಿಗೈಯ ವಿಮಾನ, ಕೇವಲ ಎಂಜಿನ್ನಿನ ಗರ್ಜನೆಯಿಂದ, ಮನುಷ್ಯರ ಪ್ರಾಣವನ್ನುಳಿಸಿತು. ಹೊರುವ ಭಾರದ ಅಂಕಿಯನ್ನು ಮಾತ್ರ ನೋಡುವವರಿಗೆ ಈ ಸೇವೆ ಯಾವ ಪಟ್ಟಿಯಲ್ಲಿಯೂ ಸಿಗುವುದಿಲ್ಲ.

1944ರ ಮಾರ್ಚಿನ ಕೊನೆಯಿಂದ ಜೂನ್ 22ರವರೆಗೆ ಮಣಿಪುರದ ಇಂಫಾಲ ಬಯಲು ಶತ್ರುವಿನ ಮುತ್ತಿಗೆಯಲ್ಲಿದ್ದಾಗ, ದೂರದ ಬೆಲೆಯೂ ಸ್ಪಷ್ಟವಾಯಿತು. ಬಯಲಿನೊಳಗೆ ಆರು ವಿಮಾನನೆಲೆಗಳಿದ್ದುವು. ಸುತ್ತಣ ಗುಡ್ಡಗಳಲ್ಲಿಯೇ ಕದನ ನಡೆಯುತ್ತಿತ್ತು. ಹರಿಕೇನ್ ಮೇಲೆದ್ದು, ಕೆಲವೇ ನಿಮಿಷಗಳಲ್ಲಿ ಗುರಿಯನ್ನು ಮುಟ್ಟಿ, ಹಿಂದಿರುಗಿ, ಮತ್ತೆ ಬಾಂಬನ್ನು ತುಂಬಿಕೊಂಡು ಏಳುತ್ತಿತ್ತು. ದಿನಕ್ಕೆ ಹಲವು ಸಲ ಹಾರಬಲ್ಲ ಸಣ್ಣ ವಿಮಾನ ಹೀಗೆ ಒಮ್ಮೆ ಬರುವ ದೊಡ್ಡ ವಿಮಾನದ ಕೆಲಸವನ್ನೂ ಮಾಡಿ ತೋರಿಸಿತು. ಅದೇ ಇಂಫಾಲದಿಂದ ಅರ್ಜನ್ ಸಿಂಗ್ ಅವರ ನಾಯಕತ್ವದಲ್ಲಿ ಭಾರತೀಯರ 1ನೆಯ ಸ್ಕ್ವಾಡ್ರನ್ ಹರಿಕೇನ್‌ಗಳಲ್ಲಿ ಹಾರಿ, ಕಾಡಿನ ಹಾದಿಗಳಲ್ಲಿ ಶತ್ರುವಿನ ಚಲನವಲನವನ್ನು ನೋಡಿ ವರದಿ ಮಾಡಿತು. ಕಾಣದ ಗುರಿಯನ್ನು ಯಾವ ವಿಮಾನವೂ ಹೊಡೆಯಲಾರದು. ಆದಕಾರಣ ನೋಡುವ ವಿಮಾನವೂ ಹೊಡೆಯುವ ವಿಮಾನದಷ್ಟೇ ಅವಶ್ಯ.

ನೋಡುವುದರ ಜೊತೆಗೆ ಮಾತನಾಡುವುದೂ ಸೇರಬೇಕು. ಕಾಡಿನ ಮೇಲೆ ಗಂಟೆಗೆ ಮುನ್ನೂರು ಮೈಲಿ ವೇಗದಲ್ಲಿ ಹಾಯುವವನಿಗೆ ಒಂದು ಹಸುರು ಗುಡ್ಡವೂ ಇನ್ನೊಂದು ಹಸುರು ಗುಡ್ಡವೂ ಒಂದೇ. ಇದಕ್ಕಾಗಿ ಮುಂಚೂಣಿಯಲ್ಲಿಯೇ ವಾಯುದಳದ ಅಧಿಕಾರಿಯೊಬ್ಬನನ್ನು ರೇಡಿಯೋ ಯಂತ್ರದೊಡನೆ ಇರಿಸುವ ಏರ್ಪಾಡು 1944ರಲ್ಲಿ ಬೆಳೆಯಿತು. ಅವನು ಕಾಲಾಳಿನ ಪಕ್ಕದಲ್ಲಿ ನಿಂತು ಗುರಿಯನ್ನು ನೋಡುವನು, ಚಾಲಕನ ಭಾಷೆಯಲ್ಲಿ ಅದನ್ನು ವರ್ಣಿಸುವನು. ಫಿರಂಗಿಗಳು ಹೊಗೆಯ ಗುಂಡನ್ನು ಹಾರಿಸಿ ಸ್ಥಳವನ್ನು ತೋರಿಸುವುವು. ಮೇಲಣ ಮಟ್ಟದಲ್ಲಿಯೂ ಇದೇ ಐಕ್ಯ ನೆಲಸಿತು. ಹದಿನಾಲ್ಕನೆಯ ಸೈನ್ಯದ ಸೇನಾಪತಿ ಸ್ಲಿಮ್ ಮತ್ತು ವಾಯುದಳದ 221ನೆಯ ಗ್ರೂಪಿನ ಮುಖ್ಯಸ್ಥ ವಿನ್ಸೆಂಟ್ ಒಂದೇ ಸ್ಥಾನದಲ್ಲಿ ಕಚೇರಿಯನ್ನಿಟ್ಟುಕೊಂಡು, ನೆಲದ ಯೋಜನೆಯನ್ನೂ ಗಾಳಿಯ ಯೋಜನೆಯನ್ನೂ ಒಟ್ಟಿಗೆ ರೂಪಿಸಿದರು. ಅತ್ಯುತ್ತಮವಾದ ವಿಮಾನವೂ ಈ ಸಂಭಾಷಣೆಯಿಲ್ಲದಿದ್ದರೆ ಕುರುಡನ ಕೈಯ ಕತ್ತಿಯಂತೆಯೇ ಸರಿ.

ಸನ್ನಿವೇಶ ಬದಲಾದಾಗ ಆಯ್ಕೆಯೂ ಬದಲಾಗಬೇಕು. 1944ರ ಮಧ್ಯಭಾಗದಲ್ಲಿ ವೆಂಜೆನ್ಸ್ ವಿಮಾನಗಳನ್ನು ಈ ರಂಗದಿಂದ ಹಿಂದಕ್ಕೆ ತೆಗೆಯಲಾಯಿತು. ಅವುಗಳ ಸೇವೆಯಿಂದ ತೃಪ್ತರಾಗಿದ್ದ ಚಾಲಕರಿಗೆ ಇದು ಅನ್ಯಾಯವೆಂದು ತೋರಿದ್ದರೆ ಸಹಜವೇ. ಆದರೆ ಮುಂದಿನ ಯುದ್ಧ ಬೇರೆ ಬಗೆಯದು. ಸೈನ್ಯವು ಗಡಿಯ ಗುಡ್ಡಗಳನ್ನು ಬಿಟ್ಟು ಚಿಂದ್ವಿನ್ ನದಿಯಾಚೆ ಬರ್ಮಾದ ಬಯಲಿಗೆ ಇಳಿಯಬೇಕಾಗಿತ್ತು. ಬಂಕರುಗಳ ಬದಲು ಚಲಿಸುವ ಗುರಿಗಳು ಹೆಚ್ಚಿದುವು. ನೆಲೆಗಳು ಹಿಂದುಳಿದು ದೂರ ಬೆಳೆಯಿತು. ಈ ಕಾರ್ಯಕ್ಕೆ ಅಮೆರಿಕೆಯ 'ಥಂಡರ್‌ಬೋಲ್ಟ್' ವಿಮಾನ ಬಂದಿತು. ಸುಮಾರು 2000 ಅಶ್ವಶಕ್ತಿಯ ಎಂಜಿನ್, ಎಂಟು ಮೆಷಿನ್‌ಗನ್ನುಗಳು, ಭಾರಿ ಬಾಂಬುಗಳನ್ನು ಹೊತ್ತು ದೂರ ಹೋಗುವ ಸಾಮರ್ಥ್ಯ: ಇವು ಅದರ ಗುಣಗಳು. ಬಾಂಬನ್ನು ಬಿಟ್ಟೊಡನೆ ಅದು ಮತ್ತೆ ಫೈಟರ್ ಆಗಿ ತನ್ನನ್ನು ತಾನೇ ಕಾಪಾಡಿಕೊಳ್ಳಬಲ್ಲುದಾಗಿತ್ತು. ಬೆಂಗಾವಲಿಗಾಗಿ ಬೇರೆ ವಿಮಾನಗಳನ್ನು ಕೇಳುತ್ತಿರಲಿಲ್ಲ. ಆದರೂ ಹರಿಕೇನನ್ನು ಕೂಡಲೇ ಕೈಬಿಡಲಿಲ್ಲ. 40 ಮಿಲಿಮೀಟರಿನ ತೋಪುಗಳನ್ನು ಕಟ್ಟಿಕೊಂಡ ಹರಿಕೇನ್‌ಗಳು 1945ರ ಫೆಬ್ರವರಿಯಲ್ಲಿ ಐರಾವತಿಯ ದಡದ ಬಳಿ ಮರೆಯಾಗಿ ನಿಂತಿದ್ದ ಜಪಾನೀ ಟ್ಯಾಂಕುಗಳನ್ನು ಕಂಡು, ಒಂದೇ ದಿನದಲ್ಲಿ ಹತ್ತಕ್ಕೂ ಹೆಚ್ಚನ್ನು ನಾಶಮಾಡಿದುವು.

ಈ ಎಲ್ಲಕ್ಕೂ ಹಿಂದೆ ಬೆಂಗಳೂರಿನ ಪಾತ್ರವೊಂದುಂಟು. ಮೈಸೂರು ಸಂಸ್ಥಾನದ ಸಹಕಾರದೊಡನೆ ವಾಲ್‌ಚಂದ್ ಹೀರಾಚಂದರು 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ವಾಯುಸೈನ್ಯದ ಆಡಳಿತಕ್ಕೆ ಒಳಪಟ್ಟಿತು. ಹೊಸ ವಿಮಾನಗಳ ನಿರ್ಮಾಣ ನಿಂತು, ರಣರಂಗಗಳಿಂದ ಬಂದ ವಿಮಾನಗಳನ್ನೂ ಎಂಜಿನ್‌ಗಳನ್ನೂ ಬಿಚ್ಚಿ, ತಿದ್ದಿ ಕಳುಹಿಸುವುದೇ ಅದರ ಮುಖ್ಯ ಕೆಲಸವಾಯಿತು. ಅಲ್ಲಿ ದುಡಿದ ನಮ್ಮ ನಾಡಿನ ಕೆಲಸಗಾರರಿಗೆ, ಒಂದು ವಿಮಾನದ ಯೋಗ್ಯತೆಯಲ್ಲಿ ಅದನ್ನು ಮತ್ತೆ ಹಾರಿಸುವ ಸೌಕರ್ಯವೂ ಸೇರಿದೆಯೆಂಬ ಸತ್ಯ ಪ್ರತಿದಿನದ ಅನುಭವವಾಗಿತ್ತು.

ಬರ್ಮಾದ ಪಾಠ ಆ ಯುದ್ಧದೊಡನೆ ಮುಗಿಯಲಿಲ್ಲ. 1971ರ ಡಿಸೆಂಬರ್ 5ರಂದು ರಾಜಸ್ಥಾನದ ಲೋಂಗೇವಾಲಾದಲ್ಲಿ ಸಣ್ಣದೊಂದು ಭಾರತೀಯ ದಳವನ್ನು ಪಾಕಿಸ್ತಾನದ ಟ್ಯಾಂಕುಗಳು ಸುತ್ತುವರಿದಾಗ, ಜೈಸಲ್ಮೇರಿನಲ್ಲಿದ್ದುವು ಕೆಲವೇ 'ಹಂಟರ್' ವಿಮಾನಗಳು. ಫೈಟರಾಗಿ ಅವುಗಳ ಕಾಲ ಆಗಲೇ ಹಿಂದೆ ಬಿದ್ದಿತ್ತು. ರಾತ್ರಿಯಲ್ಲಿ ಗುರಿ ನೋಡುವ ಶಕ್ತಿಯೂ ಇರಲಿಲ್ಲವಾಗಿ, ಕಾಲಾಳುಗಳು ಬೆಳಗಾಗುವವರೆಗೆ ಕಾಯಬೇಕಾಯಿತು. ಬೆಳಗಾದ ಮೇಲೆ, ಶತ್ರುವಿನ ಒಂದು ವಿಮಾನವೂ ಎದುರಿಲ್ಲದ ತೆರೆದ ಮರುಭೂಮಿಯಲ್ಲಿ, ಹಂಟರ್‌ಗಳ ತೋಪುಗಳೂ ರಾಕೆಟ್‌ಗಳೂ ಟ್ಯಾಂಕುಗಳನ್ನು ಒಂದೊಂದಾಗಿ ಸುಟ್ಟುವು. ಅವುಗಳಿಗೆ ಗುರಿಯನ್ನು ತೋರಿಸುತ್ತ ಮೇಲೆ ಸುತ್ತಿದುದು ಮೇಜರ್ ಆತ್ಮಾ ಸಿಂಗ್ ನಡೆಸುತ್ತಿದ್ದ, ಬೆಂಗಳೂರಿನಲ್ಲಿ ನಿರ್ಮಿತವಾದ 'ಕೃಷಕ್' ಎಂಬ ಪುಟ್ಟ ವಿಮಾನ. ಆಕಾಶದ ಒಡೆತನ, ನೆಲೆಯ ಸಾಮೀಪ್ಯ, ಗುರಿ ತೋರಿಸುವ ಕಣ್ಣು, ಇವು ಕೂಡಿದ ಕಡೆ ಹಳೆಯ ವಿಮಾನವೂ ಸರಿಯಾದ ವಿಮಾನವಾಯಿತು.

1999ರ ಮೇ ತಿಂಗಳಿನಲ್ಲಿ ಕಾರ್ಗಿಲಿನ ಶಿಖರಗಳ ಮೇಲೆ ಇದರ ವಿಪರ್ಯಾಸ ಕಂಡುಬಂದಿತು. ಹದಿನಾರು, ಹದಿನೆಂಟು ಸಾವಿರ ಅಡಿಗಳ ತೆಳುಗಾಳಿಯಲ್ಲಿ ಬಾಂಬಿನ ದಾರಿಯೇ ಲೆಕ್ಕಕ್ಕೆ ಸಿಗದಂತೆ ಬದಲಾಗುತ್ತಿತ್ತು. ಹೆಗಲ ಮೇಲಿನಿಂದ ಹಾರಿಸುವ ಕ್ಷಿಪಣಿಗಳು ಶತ್ರುವಿನ ಕೈಯಲ್ಲಿದ್ದುವು. ಎರಡೇ ದಿನಗಳಲ್ಲಿ, ಮೇ 27 ಮತ್ತು 28ರಂದು, ಎರಡು ಮಿಗ್ ವಿಮಾನಗಳೂ ಒಂದು ಹೆಲಿಕಾಪ್ಟರೂ ನಷ್ಟವಾದುವು. ಕೆಳಗೆ ಬಂದು ಹೊಡೆಯುವ ಹಳೆಯ ಕ್ರಮ ಇಲ್ಲಿ ಸಲ್ಲಲಿಲ್ಲ. ಕ್ಷಿಪಣಿಗೆ ಸಿಗದ ಎತ್ತರದಲ್ಲಿದ್ದೇ ಲೇಸರ್ ಕಿರಣದಿಂದ ಬಾಂಬನ್ನು ಗುರಿಗೆ ನಡೆಸಬಲ್ಲ 'ಮಿರಾಜ್ 2000' ವಿಮಾನಗಳನ್ನು ಸಿದ್ಧಪಡಿಸಿ, ಜೂನ್ ತಿಂಗಳಿನಲ್ಲಿ ಟೈಗರ್ ಹಿಲ್ ಮೊದಲಾದ ಗುರಿಗಳ ಮೇಲೆ ಪ್ರಯೋಗಿಸಲಾಯಿತು. ಅಂದು ಶಿಖರವನ್ನೇರಿದವನು, ಡೋನ್‌ಬೈಕಿನಲ್ಲಿ ಏರಿದವನಂತೆಯೇ, ಬಂದೂಕು ಹಿಡಿದ ಕಾಲಾಳು.

ಹೀಗೆ ಈ ಚರಿತ್ರೆಯಲ್ಲಿ ಯಾವ ವಿಮಾನಕ್ಕೂ ಶಾಶ್ವತವಾದ ಪಟ್ಟಾಭಿಷೇಕವಿಲ್ಲ. ಸೆಡಾನಿನಲ್ಲಿ ಗೆದ್ದುದು ಇಂಗ್ಲೆಂಡಿನಲ್ಲಿ ಸೋತಿತು. ಇಂಗ್ಲೆಂಡಿನವರಿಗೆ ಬೇಡವಾದುದು ಅರಾಕಾನಿನಲ್ಲಿ ಬೇಕಾಯಿತು. ಅರಾಕಾನಿನಲ್ಲಿ ಬೇಕಾದುದು ಐರಾವತಿಯ ಬಯಲಿಗೆ ಬರುವ ಮೊದಲೇ ಬೀಳ್ಕೊಂಡಿತು. ವಿಮಾನವನ್ನು ಕೊಳ್ಳುವವರೂ ಕಟ್ಟುವವರೂ ದೂರದ ನಗರಗಳಲ್ಲಿ ಕುಳಿತು, ಹಿಂದಿನ ಯುದ್ಧದ ಕೀರ್ತಿಯನ್ನು ನೋಡಿ ಆರಿಸುತ್ತಾರೆ. ಆ ಆಯ್ಕೆಯ ಬೆಲೆಯನ್ನು ತೆರುವವನು ಮುಂದಿನ ಯುದ್ಧದ ಸೈನಿಕ. ಆಕಾಶ ಯಾರದು, ಗುರಿ ಎಂತಹದು, ನೆಲೆ ಎಷ್ಟು ದೂರ, ತಿದ್ದುವವರು ಯಾರು, ನೆಲದಿಂದ ಮಾತನಾಡುವವರು ಯಾರು: ಈ ಐದು ಪ್ರಶ್ನೆಗಳನ್ನು ಅವನ ಪರವಾಗಿ ಮೊದಲೇ ಕೇಳಿ ಉತ್ತರ ಪಡೆದಿರುವ ರಾಷ್ಟ್ರವು ಅವನಿಗೆ ಸಲ್ಲಬೇಕಾದ ಋಣದಲ್ಲಿ ಒಂದು ಭಾಗವನ್ನಾದರೂ ತೀರಿಸಿದಂತಾಗುತ್ತದೆ.